ಹಳ್ಳಿ ಹಿರಿಯರ ಮುಂದೆ ಲೋಕದ ಸಿನಿಮಾ ಹಾಕಿದ ಹೆಗ್ಗೋಡಿನ ಸುಬ್ಬಣ್ಣ

ಪುಣಜನೂರು: ಚಾಮರಾಜನಗರದಿಂದ ಸತ್ಯಮಂಗಲದ ಕಡೆ ಹೋಗೋ ರಸ್ತೆಯಲ್ಲಿ, ಕಾಡಂಚಿನಲ್ಲಿರೋ ಪುಣಜನೂರಿನಂಥ ಊರಲ್ಲಿ ವಯಸ್ಸಾದವರು ಸಂಜೆ ಮೇಲೆ ಟೌನಿಗೆ ಹೋಗಿ ಸಿನಿಮಾ ನೋಡ್ಕೊಂಡು ಬರೋದು ಆಗದ ಮಾತು. ಕತ್ತಲಾದ್ರೆ ಆನೆ ಭಯ, ಬಸ್ಸಿನ ಚಿಂತೆ, ಜೊತೆಗೆ ಮಂಡಿನೋವು. ಮನೇಲಿ ಟಿ.ವಿ. ಇದ್ರೂ ರಿಮೋಟು ಮೊಮ್ಮಕ್ಕಳ ಕೈಲಿರ್ತದೆ. ಇಂಥ ಹಿರಿಯರನ್ನ ಊರಲ್ಲೇ ಒಂದು ಕಡೆ ಕೂರಿಸಿ, ಕಾಸು ಕೇಳದೆ ಒಳ್ಳೇ ಚಿತ್ರ ತೋರಿಸಿ, ಆಮೇಲೆ ಅದರ ಬಗ್ಗೆ ಮಾತಾಡಿಸೋದು ಅಂದ್ರೆ ಸಿಟಿಯವರ ಶೋಕಿ ಅಂತ ಕೆಲವರಿಗೆ ಅನ್ನಿಸಬಹುದು. ಆದರೆ ಇಂಥದ್ದೇ ಕೆಲಸವನ್ನ ಸುಮಾರು ಐವತ್ತು ವರ್ಷದ ಹಿಂದೆ ಮಲೆನಾಡಿನ ಒಂದು ಸಣ್ಣ ಹಳ್ಳಿಯಲ್ಲಿ ಮಾಡಿ ತೋರಿಸಿದವರು ಕೆ.ವಿ. ಸುಬ್ಬಣ್ಣ.

ಸುಬ್ಬಣ್ಣ ಹುಟ್ಟಿದ್ದು 1932ರ ಫೆಬ್ರವರಿ 20ರಂದು. ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹೆಗ್ಗೋಡು ಅವರ ಊರು. ಅಡಿಕೆ ತೋಟದ ಮನೆತನ. ಓದಿದ್ದು ನಮ್ಮ ಪಕ್ಕದ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ, ಕುವೆಂಪು ಅವರ ಶಿಷ್ಯರಾಗಿ. ಆ ಕಾಲಕ್ಕೆ ಅಷ್ಟು ಓದಿದವರು ಮೈಸೂರು, ಬೆಂಗಳೂರಲ್ಲೇ ಕೆಲಸ ಹಿಡಿದು ಉಳ್ಕೊಳ್ತಿದ್ರು. ಇವರು ಊರಿಗೆ ವಾಪಸ್ ಹೋದರು. 1949ರಲ್ಲೇ ಅಲ್ಲಿ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಶುರುವಾಗಿತ್ತು. ಅದೇ ಮುಂದೆ ನೀನಾಸಂ ಅಂತ ಹೆಸರಾಯ್ತು. ನಾಟಕ ಆಡಿಸಿದರು, ಅಕ್ಷರ ಪ್ರಕಾಶನ ಅಂತ ಪುಸ್ತಕ ಸಂಸ್ಥೆ ಕಟ್ಟಿದರು.

1973ರಲ್ಲಿ ನೀನಾಸಂ ಚಿತ್ರಸಮಾಜ ಶುರುವಾಯ್ತು. ಫಿಲಂ ಸೊಸೈಟಿ ಅಂದ್ರೆ ಆಗ ದೊಡ್ಡ ಊರುಗಳಲ್ಲಿ ಇಂಗ್ಲಿಷ್ ಓದಿದವರ ಬಾಬತ್ತು. ಹೆಗ್ಗೋಡಲ್ಲಿ ಪರದೆ ಮುಂದೆ ಕೂತವರಲ್ಲಿ ತೋಟದ ಕೆಲಸ ಮುಗಿಸಿ ಬಂದವರಿದ್ರು, ಹೆಂಗಸರಿದ್ರು, ಓದು ಬರಹ ಬಾರದವರಿದ್ರು. ಅವರ ಮುಂದೆ ಹಾಕಿದ್ದು ಜಪಾನಿನ ಕುರೊಸಾವಾ, ಇಟಲಿಯ ಡಿ ಸಿಕಾ, ಬಂಗಾಳದ ಸತ್ಯಜಿತ್ ರೇ ಅವರ ಚಿತ್ರಗಳನ್ನ.

ಇದು ಹಳ್ಳಿಯವರ ತಲೆಗೆ ಹತ್ತುತ್ತಾ ಅನ್ನೋ ಅನುಮಾನ ಈಗಲೂ ಬರ್ತದೆ. ಚಾಮರಾಜನಗರದವರು ಹಂಗೆ ಕೇಳೋದೇ ತಮಾಷೆ. ರಾತ್ರಿಯಿಡೀ ಕೂತು ಕಂಸಾಳೆಯವರ ಮಾದೇಶ್ವರನ ಕಥೆ, ನೀಲಗಾರರ ಮಂಟೇಸ್ವಾಮಿ ಕಥೆ ಕೇಳಿ ಬೆಳೆದ ಅಜ್ಜ ಅಜ್ಜಿಯರಿಗೆ ಕಥೆ ಹಿಡಿಯೋದನ್ನ ಯಾರೂ ಹೇಳಿಕೊಡಬೇಕಿಲ್ಲ. ರಾಶೋಮನ್ ಚಿತ್ರದಲ್ಲಿ ಒಂದು ಸಾವನ್ನ ನಾಲ್ಕು ಬಾಯಿ ನಾಲ್ಕು ಥರ ಹೇಳ್ತವೆ. ಊರ ಪಂಚಾಯ್ತಿ ಕಟ್ಟೆಯಲ್ಲಿ ಕೂತವರಿಗೆ ಇದಕ್ಕಿಂತ ಪರಿಚಯದ ವಿಷಯ ಇನ್ನೇನಿದೆ? ಬೈಸಿಕಲ್ ಥೀವ್ಸ್ ಇನ್ನೂ ಸಲೀಸು. ಕೆಲಸಕ್ಕೆ ಸೈಕಲ್ ಬೇಕೇ ಬೇಕು, ಮೊದಲ ದಿನವೇ ಅದು ಕಳುವಾಗ್ತದೆ, ಅಪ್ಪ ಮಗ ಇಬ್ಬರೂ ರೋಮ್ ಪಟ್ಟಣವೆಲ್ಲಾ ಹುಡುಕ್ತಾರೆ.

ಪಥೇರ್ ಪಾಂಚಾಲಿಯಲ್ಲಂತೂ ಒಬ್ಬ ಮುದುಕಿ ಇದ್ದಾಳೆ. ಹಲ್ಲಿಲ್ಲ, ಕಾಸಿಲ್ಲ, ಮನೆಯೊಡತಿಗೆ ಹೊರೆ. ಬೈಸಿಕೊಂಡಾಗೆಲ್ಲ ಗಂಟು ಕಟ್ಟಿಕೊಂಡು ಬೇರೆ ಮನೆಗೆ ಹೊರಡ್ತಾಳೆ, ಮತ್ತೆ ವಾಪಸ್ ಬರ್ತಾಳೆ. ಕೊನೆಗೆ ಬಿದಿರು ಮೆಳೆ ಹತ್ತಿರ ಕೂತಲ್ಲೇ ಪ್ರಾಣ ಬಿಡ್ತಾಳೆ. ಆ ಪಾತ್ರ ಮಾಡಿದ ಚುನಿಬಾಲಾ ದೇವಿಗೆ ಆಗ ಎಂಬತ್ತರ ಆಸುಪಾಸು. 1955ರಲ್ಲಿ ಚಿತ್ರ ತೆರೆಗೆ ಬರೋ ಮುಂಚೆನೇ ಅವರು ತೀರಿಕೊಂಡರು. ಮಗ ಸೊಸೆ ಜೊತೆ ಬದುಕ್ತಿರೋ ಯಾವ ಹಿರಿಯರಿಗಾದರೂ ಈ ಚಿತ್ರಕ್ಕೆ ಅನುವಾದ ಬೇಕಾಗಲ್ಲ.

ಹಾಗಂತ ಬರೀ ಪ್ರೊಜೆಕ್ಟರ್ ತಂದಿಟ್ಟು ಸುಬ್ಬಣ್ಣ ಸುಮ್ಮನಾಗಲಿಲ್ಲ. ನೋಡಿದ್ದನ್ನ ಮಾತಾಡಿಸಬೇಕು ಅನ್ನೋದು ಅವರ ಹಟ. ಪುಣೆಯಿಂದ ಸಿನಿಮಾ ಮೇಷ್ಟ್ರು ಸತೀಶ್ ಬಹಾದೂರ್ ಬಂದರು. ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಕಟ್ಟಿದ ಪಿ.ಕೆ. ನಾಯರ್ ಫಿಲಂ ರೀಲುಗಳ ಸಮೇತ ಬಂದರು. ಚಿತ್ರ ನೋಡೋದು ಹೇಗೆ ಅಂತ ಕಲಿಸೋ ಶಿಬಿರಗಳು ಅಡಿಕೆ ತೋಟದ ನಡುವೆ ನಡೆದವು. ಗಿರೀಶ್ ಕಾಸರವಳ್ಳಿ ಅವರಂಥ ನಿರ್ದೇಶಕರೂ ಅಲ್ಲಿ ಬಂದು ಜನರ ಜೊತೆ ಕೂತರು. 1980ರ ದಶಕದಲ್ಲಿ ಜನಸ್ಪಂದನ ಅನ್ನೋ ಯೋಜನೆ ಮೂಲಕ ಫೋರ್ಡ್ ಫೌಂಡೇಷನ್ ನೆರವಿನಲ್ಲಿ ಚಿತ್ರ, ನಾಟಕ ಎರಡೂ ರಾಜ್ಯದ ಬೇರೆ ಹಳ್ಳಿಗಳಿಗೂ ಹೋದವು.

ಉಳಿದದ್ದು ಬಹಳ ಜನಕ್ಕೆ ಗೊತ್ತಿರೋದೇ. 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ಊರೂರು ಸುತ್ತೋ ತಿರುಗಾಟ, 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 2003ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. ನೀನಾಸಂ ಅಂದ್ರೆ ನಾಟಕ ಅಂತಲೇ ಜನ ನೆನೆಸ್ಕೊಳ್ತಾರೆ, ಸಿನಿಮಾ ವಿಷಯ ಹಿಂದೆ ಸರಿದಿದೆ. ಅದು ನ್ಯಾಯ ಅಲ್ಲ. ಆಗ ರೀಲಿನ ಡಬ್ಬ ಪುಣೆಯಿಂದ ಹೊತ್ತು ತರಬೇಕಿತ್ತು, ಕರೆಂಟು ಕೈಕೊಟ್ರೆ ಪ್ರದರ್ಶನ ಅಷ್ಟೇ. ಈಗ ಒಂದು ಬಿಳಿ ಗೋಡೆ, ಬಾಡಿಗೆ ಪ್ರೊಜೆಕ್ಟರ್, ನಾಲ್ಕು ಜಮಖಾನ ಸಾಕು. ಹಗಲು ಹೊತ್ತೇ ಸಮುದಾಯ ಭವನದ ಕಿಟಕಿ ಮುಚ್ಚಿ ಹಾಕಿದರೆ ಆನೆ ಭಯವೂ ಇಲ್ಲ. ಸಿಗೋದು ಕಷ್ಟ ಅಂದ್ರೆ ಚಿತ್ರ ಮುಗಿದ ಮೇಲೆ ಎದ್ದು ಹೋಗದೆ ಅಜ್ಜಿ ಹೇಳೋದನ್ನ ಕೂತು ಕೇಳೋ ಜನ.

ಸುಬ್ಬಣ್ಣ 2005ರ ಜುಲೈ 16ರಂದು ತೀರಿಕೊಂಡರು. ಏಳು ವರ್ಷದ ನಂತರ, 2012ರಲ್ಲಿ, ಪಿ.ಕೆ. ನಾಯರ್ ಬಗ್ಗೆ ಸೆಲ್ಯುಲಾಯ್ಡ್ ಮ್ಯಾನ್ ಅನ್ನೋ ಸಾಕ್ಷ್ಯಚಿತ್ರ ಬಂತು. ಅದರಲ್ಲಿ ನಾಯರ್ ಮತ್ತೆ ಹೆಗ್ಗೋಡಿಗೆ ಹೋಗ್ತಾರೆ. ಅಲ್ಲಿನ ವಯಸ್ಸಾದ ರೈತರು, ತಾವು ಹಿಂದೆಂದೋ ನೋಡಿದ ಆ ಜಪಾನಿ, ಇಟಲಿ ಚಿತ್ರಗಳನ್ನ ನೆನಪು ಮಾಡ್ಕೊಂಡು ಮಾತಾಡ್ತಾರೆ.