ಬೆಳಕಿನ ಒರೆಗಲ್ಲು: ಸರ್ ಸಿ. ವಿ. ರಾಮನ್

ಹೊಳೆಯುವುದೆಲ್ಲವನ್ನೂ ನಂಬದೆ ಒರೆಗೆ ಹಚ್ಚಿ ನೋಡಿದ ಮಹನೀಯರು ಚಂದ್ರಶೇಖರ ವೆಂಕಟ ರಾಮನ್ನರು. 1888ನೆಯ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದ ಅವರು ಸರಕಾರದ ಹಣಕಾಸು ಇಲಾಖೆಯ ಉನ್ನತ ಹುದ್ದೆಯನ್ನು ತ್ಯಜಿಸಿ 1917ರಲ್ಲಿ ಕಲಕತ್ತಾ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದರು.

1923ರಲ್ಲಿ ಶಿಷ್ಯರಾದ ಕೆ. ಆರ್. ರಾಮನಾಥನ್ನರಿಗೆ, ದ್ರವವು ಚದುರಿಸಿದ ಬೆಳಕಿನಲ್ಲಿ ಬಣ್ಣ ಬದಲಾದ ಮಸುಕು ಕಾಂತಿಯೊಂದು ಗೋಚರಿಸಿತು. ಕಲ್ಮಷದಿಂದುಂಟಾದ ಪ್ರತಿದೀಪ್ತಿಯಿರಬಹುದೆಂದು ಶಂಕಿಸಿ ದ್ರವವನ್ನು ಮರಳಿ ಮರಳಿ ಶುದ್ಧೀಕರಿಸಿದರೂ ಅದು ಅಳಿಯಲಿಲ್ಲ. ಮುಂದೆ ಕೆ. ಎಸ್. ಕೃಷ್ಣನ್ನರೊಡಗೂಡಿ ಪರೀಕ್ಷಿಸಲಾಗಿ, ಆ ಕಾಂತಿ ಪ್ರಬಲವಾಗಿ ಧ್ರುವೀಕೃತವಾಗಿದ್ದುದರಿಂದ ಸಾಮಾನ್ಯ ಪ್ರತಿದೀಪ್ತಿಯಲ್ಲವೆಂದು ಮನಗಂಡರು. 1928ರ ಫೆಬ್ರವರಿ 28ರಂದು ಹೊಸ ಪರಿಣಾಮವು ನಿಶ್ಚಯವಾಯಿತು. 1930ರಲ್ಲಿ ನೊಬೆಲ್ ಪುರಸ್ಕಾರವು ಸಂದಿತು.

1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದ ರಾಮನ್ನರು 1948ರಲ್ಲಿ ಅಲ್ಲಿಯೇ ಸ್ವಂತ ಸಂಶೋಧನಾಲಯವನ್ನು ಕಟ್ಟಿ, 1970ರ ನವೆಂಬರ್ 21ರಂದು ಕನ್ನಡ ನೆಲದಲ್ಲಿಯೇ ಕಣ್ಮುಚ್ಚಿದರು.

ಪ್ರತಿದೀಪ್ತಿ ಸೂಕ್ಷ್ಮದರ್ಶಕದಲ್ಲಿ ಜೀವಕೋಶದ ಹೊಳಪನ್ನು ಅಂಕಿಗಳಲ್ಲಿ ಅಳೆಯುವವರು ಇಂದಿಗೂ ಹಿನ್ನೆಲೆಯ ಹುಸಿಬೆಳಕನ್ನು ಕಳೆಯಬೇಕು. ಅತಿಪ್ರಕಾಶದಿಂದ ಚಿತ್ರವು ಬೆಳ್ಳಗಾಗಿ ಅಳತೆ ಕೆಡದಂತೆ ಕಾಯಬೇಕು. ಇಲ್ಲವಾದರೆ ಚಿತ್ರವು ಸುಂದರ, ಅಂಕಿಯು ಮಿಥ್ಯೆ. ಮೆಹಕರದಂತಹ ಪಟ್ಟಣದಲ್ಲಿ ಸೂಕ್ಷ್ಮದರ್ಶಕದೆದುರು ಕುಳಿತ ಬಾಲಕನಿಗೂ ಗುರುಗಳು ಮೊದಲು ಕಲಿಸಬೇಕಾದುದು ಈ ಶಂಕೆಯನ್ನೇ.