ಮರಳಿ ಬಂದವರಿಗೆ ಬಾಗಿಲು ತೆರೆದ ದೊಡ್ಡಸ್ವಾಮಿ: ಅಬ್ಬೆ ದುಬ್ವಾ

ಕಿಣತ್ತುಕಡವಿನ ಸುತ್ತಲಿನ ಹಳ್ಳಿಗಳಲ್ಲಿ ಮನೆಯೊಳಗೆ ಕನ್ನಡವನ್ನೂ ಶಾಲೆಯಲ್ಲಿ ತಮಿಳನ್ನೂ ಆಡುತ್ತ ಬೆಳೆದ ನಾವು, 1799ರ ತನಕ ಈ ಕೊಯಮತ್ತೂರು ಸೀಮೆಯು ಮೈಸೂರಿನ ಆಳ್ವಿಕೆಗೆ ಸೇರಿತ್ತೆಂಬುದನ್ನು ಆಗಾಗ್ಗೆ ಮರೆಯುತ್ತೇವೆ. ಕ್ರೈಸ್ತರ ಲೆಕ್ಕದಲ್ಲಿಯೂ ಈ ಎರಡು ನಾಡುಗಳು ಒಂದೇ ಆಗಿದ್ದವು. 17ನೆಯ ಶತಮಾನದ ನಡುವಿನಲ್ಲಿ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ಮೈಸೂರು ಮಿಷನ್ನಿನ ವ್ಯಾಪ್ತಿ ಸತ್ಯಮಂಗಲವನ್ನು ದಾಟಿ ನಮ್ಮತ್ತ ಹರಡಿತ್ತು. ಆ ಮಿಷನ್ನಿನ ಅತ್ಯಂತ ಕಷ್ಟದ ಕಾಲದಲ್ಲಿ ಇಲ್ಲಿ ಸಂಚರಿಸಿದವರು ಅಬ್ಬೆ ದುಬ್ವಾ. ಜಗತ್ತು ಅವರನ್ನು ಹಿಂದೂ ಆಚಾರವಿಚಾರಗಳ ಗ್ರಂಥಕರ್ತರೆಂದು ಬಲ್ಲದು. ನಮಗಾದರೋ ಅವರ ಬದುಕು ಕ್ಷಮೆಯೆಂಬುದರ ಅರ್ಥವನ್ನು ತಿಳಿಯಲು ಒಂದು ಪಾಠ.

ಜಾನ್ ಆಂತ್ವಾನ್ ದುಬ್ವಾ ಫ್ರಾನ್ಸಿನ ಆರ್ದೆಶ್ ಪ್ರಾಂತದ ಸಾಂ ರೆಮೆಸ್ ಎಂಬ ಊರಿನವರು. 1766ರ ಜನವರಿಯಲ್ಲಿ ಅವರಿಗೆ ದೀಕ್ಷಾಸ್ನಾನವಾಯಿತು. ಫ್ರೆಂಚ್ ಕ್ರಾಂತಿಯ ಬಿರುಗಾಳಿ ಧರ್ಮಸಭೆಯನ್ನು ಅಲುಗಿಸುತ್ತಿದ್ದ 1792ರಲ್ಲಿ ಅವರು ಗುರುದೀಕ್ಷೆ ಪಡೆದು, ಪ್ಯಾರಿಸ್ಸಿನ ವಿದೇಶ ಮಿಷನ್ ಸಂಸ್ಥೆಯ ಮೂಲಕ ಭಾರತಕ್ಕೆ ಹೊರಟರು. ಪುದುಚೇರಿ ಅವರ ಮೊದಲ ನೆಲೆ. ಇಲ್ಲಿನ ಜನರೊಡನೆ ಬೆರೆಯಲು ಇಲ್ಲಿನ ಉಡುಗೆಯನ್ನು ತೊಟ್ಟರು, ಇಲ್ಲಿನ ಊಟದ ಕ್ರಮವನ್ನು ಅನುಸರಿಸಿದರು. ಕನ್ನಡನಾಡಿನ ಜನರ ಬಾಯಲ್ಲಿ ಅವರು ದೊಡ್ಡಸ್ವಾಮಿಗಳಾದರು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಅದಕ್ಕೆ ಹದಿನೈದು ವರ್ಷ ಮೊದಲು, 1784ರ ವಿಭೂತಿ ಬುಧವಾರದಂದು, ಟಿಪ್ಪು ಸುಲ್ತಾನರ ಆಜ್ಞೆಯಂತೆ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಲಾಗಿತ್ತು. ಅವರು ಇಂಗ್ಲಿಷರಿಗೆ ನೆರವಾದರೆಂಬುದು ಅರಸನ ಸಂದೇಹ. ಸೆರೆಯಾದವರ ಸಂಖ್ಯೆಯಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲದಿದ್ದರೂ ಅನೇಕರು ದಾರಿಯಲ್ಲಿಯೂ ಸೆರೆಯಲ್ಲಿಯೂ ಮಡಿದರು, ಅನೇಕರು ಬಲವಂತದಿಂದ ಮತ ಬದಲಿಸಿದರು ಎಂಬುದರಲ್ಲಿ ಸಂಶಯವಿಲ್ಲ. ಇದೇ ಅರಸ ಶೃಂಗೇರಿಯ ಮಠಕ್ಕೆ ಭಕ್ತಿಯಿಂದ ಪತ್ರ ಬರೆದು ನೆರವಿತ್ತದ್ದೂ ಚರಿತ್ರೆಯೇ. ಆದುದರಿಂದ ಈ ಕಥೆಯನ್ನು ಯಾವುದೇ ಸಮುದಾಯದ ಮೇಲಿನ ದ್ವೇಷಕ್ಕೆ ಇಂಧನವಾಗಿಸುವುದು ನಮಗೆ ಸಮ್ಮತವಲ್ಲ.

ಸೆರೆ ಮುಗಿದಾಗ ಉಳಿದವರ ಮುಂದೆ ಬಂದ ಪ್ರಶ್ನೆ ಮಾತ್ರ ಕಠಿಣವಾಗಿತ್ತು. ಹೆದರಿ ನಂಬಿಕೆಯನ್ನು ಬಿಟ್ಟುಕೊಟ್ಟವರು ಮತ್ತೆ ಪೀಠದ ಮುಂದೆ ಮೊಣಕಾಲೂರಬಹುದೇ? ಪ್ರಾಣ ಕೊಟ್ಟವರ ಮಕ್ಕಳು ಪ್ರಾಣ ಉಳಿಸಿಕೊಂಡವರ ಪಕ್ಕದಲ್ಲಿ ಕುಳಿತಾರೇ? ಕರ್ನಲ್ ಆರ್ಥರ್ ವೆಲ್ಲೆಸ್ಲಿ ಶ್ರೀರಂಗಪಟ್ಟಣದ ಆಡಳಿತ ನಡೆಸುತ್ತಿದ್ದ ಆ ದಿನಗಳಲ್ಲಿ, ಚದುರಿದ ಕ್ರೈಸ್ತರನ್ನು ಮತ್ತೆ ಕೂಡಿಸಲು ದುಬ್ವಾರನ್ನು ಕರೆಸಲಾಯಿತು. ಬಲವಂತಕ್ಕೆ ಮಣಿದಿದ್ದವರನ್ನು ಅವರು ಧರ್ಮಸಭೆಗೆ ಮರಳಿ ಸೇರಿಸಿಕೊಂಡರು.

ಇದು ಅವರ ಸ್ವಂತ ಔದಾರ್ಯವಷ್ಟೇ ಅಲ್ಲ. ರೋಮಿನ ಚಕ್ರವರ್ತಿ ಡೀಸಿಯಸನು 250ರ ಸುಮಾರಿಗೆ ಕ್ರೈಸ್ತರನ್ನು ಹಿಂಸಿಸಿದಾಗ ಇದೇ ಪ್ರಶ್ನೆ ಎದ್ದಿತ್ತು. ಬಿದ್ದವರಿಗೆ ಮರುಪ್ರವೇಶವೇ ಇಲ್ಲವೆಂದು ನೊವಾಟಿಯನ್ ಹಟ ಹಿಡಿದನು. ಕಾರ್ತೇಜಿನ ಧರ್ಮಾಧ್ಯಕ್ಷ ಸಿಪ್ರಿಯಾನರೂ ರೋಮಿನ ಧರ್ಮಸಭೆಯೂ ಪ್ರಾಯಶ್ಚಿತ್ತದ ನಂತರ ಬಾಗಿಲು ತೆರೆಯಬೇಕೆಂದು ನಿರ್ಣಯಿಸಿದರು. ಯೇಸುವನ್ನು ಮೂರು ಬಾರಿ ಅರಿಯೆನೆಂದ ಪೇತ್ರನೇ ಸಭೆಯ ಬಂಡೆಯಾದನೆಂಬ ನೆನಪು ಆ ನಿರ್ಣಯದ ಹಿಂದಿದೆ.

ಕಥೋಲಿಕ ಶ್ರದ್ಧೆಯಲ್ಲಿ ವಿಮೋಚನೆಯು ಕ್ರಿಸ್ತನ ಶಿಲುಬೆಯಿಂದ ದೊರೆತ ವರ. ಮನುಷ್ಯನು ಅದನ್ನು ಗಳಿಸಲಾರ, ಸ್ವೀಕರಿಸಬಲ್ಲ. ಸ್ವೀಕಾರದ ಮಾರ್ಗವೇ ಪಾಪನಿವೇದನೆಯ ಸಂಸ್ಕಾರ. ಅದರಲ್ಲಿ ಮನಸ್ಸಿನ ಪಶ್ಚಾತ್ತಾಪ, ಬಾಯಿಯ ನಿವೇದನೆ, ಕೈಯ ಪ್ರಾಯಶ್ಚಿತ್ತ ಎಂಬ ಮೂರು ಹೆಜ್ಜೆಗಳಿವೆ. ಗುರುವಿನ ಮೂಲಕ ದೊರೆಯುವ ಪಾಪವಿಮೋಚನೆ ಅದನ್ನು ಪೂರ್ಣಗೊಳಿಸುತ್ತದೆ. ಕತ್ತಿಯ ಮೊನೆಯಲ್ಲಿ ಮಾಡಿದ ಕೃತ್ಯಕ್ಕೆ ಪೂರ್ಣ ಸಮ್ಮತಿಯಿಲ್ಲದ ಕಾರಣ ಅದರ ಹೊಣೆಯೂ ಕಡಮೆಯೆಂದು ಅದೇ ಬೋಧೆ ಹೇಳುತ್ತದೆ. ಕ್ಷಮೆಯೆಂದರೆ ನಡೆದದ್ದು ನಡೆಯಲಿಲ್ಲವೆಂದು ನಟಿಸುವುದಲ್ಲ. ನಡೆದದ್ದನ್ನು ಹೆಸರಿಟ್ಟು ಹೇಳಿ, ಅದರಾಚೆ ಬದುಕಲು ಎಡೆ ಮಾಡಿಕೊಡುವುದು.

ದುಬ್ವಾ ಆ ಎಡೆಯನ್ನು ಅಕ್ಷರಶಃ ಮಾಡಿಕೊಟ್ಟರು. ಬಡ ಕ್ರೈಸ್ತರಿಗಾಗಿ ಹಾಸನದ ಸೀಮೆಯಲ್ಲಿ ಬೇಸಾಯದ ನೆಲೆಗಳನ್ನು ಸ್ಥಾಪಿಸಿದರು. ಸಿಡುಬಿಗೆ ಹೊಸದಾಗಿ ಬಂದಿದ್ದ ದೇವಿ ಹಾಕಿಸುವ ಕೆಲಸವನ್ನು ಹಳ್ಳಿಗಳಲ್ಲಿ ಹಬ್ಬಿಸಿದರು. ಮರಳಿ ಬಂದವನಿಗೆ ಆಶೀರ್ವಾದದೊಡನೆ ಅನ್ನವೂ ಬೇಕೆಂಬುದನ್ನು ಅವರು ಬಲ್ಲವರಾಗಿದ್ದರು.

ಆದರೆ ದೊಡ್ಡಸ್ವಾಮಿಗಳೂ ಕ್ಷಮೆ ಬೇಕಾದವರೇ. ಅವರಿಗೆ ಕೀರ್ತಿ ತಂದ ಗ್ರಂಥದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ 2,000 ವರಾಹಗಳಿಗೆ ಕೊಂಡಿತು. 1816ರಲ್ಲಿ ಅದು ಇಂಗ್ಲಿಷಿನಲ್ಲಿ ಹೊರಬಂದಿತು. 1779ರಲ್ಲಿ ತೀರಿಕೊಂಡ ಯೇಸುಸಭೆಯ ಗುರು ಕ್ಯೂರ್ದೂ ಅವರ ಬರಹವನ್ನು ಆ ಗ್ರಂಥ ಬಹುಪಾಲು ಅವಲಂಬಿಸಿದೆ, ಋಣವನ್ನು ಮಾತ್ರ ಹೇಳಿಲ್ಲ ಎಂಬುದನ್ನು ಫ್ರೆಂಚ್ ವಿದುಷಿ ಸಿಲ್ವಿಯಾ ಮೂರ್ 1987ರಲ್ಲಿ ತೋರಿಸಿಕೊಟ್ಟರು. ನಮ್ಮ ಜನರ ಬಗ್ಗೆ ಅದರಲ್ಲಿರುವ ಕಟುವಾದ ತೀರ್ಮಾನಗಳೂ ಕಡಮೆಯಲ್ಲ. 1823ರಲ್ಲಿ ಭಾರತವನ್ನು ಬಿಟ್ಟ ಅವರು, ಹಿಂದೂಗಳು ಕ್ರೈಸ್ತರಾಗುವ ಸಂಭವವೇ ಇಲ್ಲವೆಂದು ಅದೇ ವರ್ಷ ಲಂಡನ್ನಿನಲ್ಲಿ ಪ್ರಕಟವಾದ ಪತ್ರಗಳಲ್ಲಿ ವಾದಿಸಿದರು. ಮೂವತ್ತೊಂದು ವರ್ಷಗಳ ದುಡಿಮೆಯ ಮೇಲೆ ತಾವೇ ಬರೆದ ನಿರಾಶೆಯ ತೀರ್ಪು ಅದು. ಮುಂದೆ ಪ್ಯಾರಿಸ್ಸಿನ ಸಂಸ್ಥೆಯ ಮುಖ್ಯಸ್ಥರೂ ಆಗಿ, 1848ರಲ್ಲಿ ಅಲ್ಲಿಯೇ ನಿಧನರಾದರು.

ಸಾಧನೆಯೊಂದನ್ನೇ ಎತ್ತಿ ಪೂಜಿಸುವುದೂ ತಪ್ಪೊಂದನ್ನೇ ಹಿಡಿದು ಅಳಿಸಿಹಾಕುವುದೂ ನಮ್ಮ ಕಾಲದ ಸುಲಭ ದಾರಿಗಳು. ದುಬ್ವಾರ ಋಣವನ್ನು ಹೆಸರಿಟ್ಟು ಹೇಳಿ, ಅವರು ತೆರೆದ ಬಾಗಿಲನ್ನೂ ನೆನೆಯುವುದು ಅವರದೇ ಶ್ರದ್ಧೆ ಕಲಿಸಿದ ಕ್ರಮ. ನುಡಿಯನ್ನು ಕಾರಣಾಂತರದಿಂದ ಬಿಟ್ಟ ನಮ್ಮ ಗಡಿಯ ಕುಟುಂಬಗಳ ಮಕ್ಕಳು ನಾಳೆ ತಪ್ಪುತಪ್ಪಾಗಿ ಕನ್ನಡವಾಡುತ್ತ ಮರಳಿ ಬಂದರೆ, ಏಕೆ ಬಿಟ್ಟಿರೆಂದು ಕೇಳುವ ಮೊದಲು ಅವರನ್ನು ಒಳಗೆ ಕೂರಿಸೋಣ.