ಇಂಜಿನ್ನಿಗೆ ಹಸಿವೋ ಅಜೀರ್ಣವೋ: ಬಿಯಾಟ್ರಿಸ್ ಶಿಲ್ಲಿಂಗ್

ಕಾರ್ಬ್ಯುರೇಟರ್ ಅಂದ್ರೆ ನಮ್ಮ ಬ್ಯಾಚಿನವರಿಗೆ ಹೆಚ್ಚುಕಮ್ಮಿ ಸಿಲೆಬಸ್‌ನಲ್ಲಿ ಮಾತ್ರ ಬದುಕಿರುವ ವಸ್ತು. ಫ್ಲೋಟ್ ಚೇಂಬರ್ ಚಿತ್ರ ಬರೆದು, ವೆಂಚುರಿಗೆ ಒಂದು ಬಾಣ ಹಾಕಿ, ಸಿಕ್ಕಷ್ಟು ಮಾರ್ಕ್ಸ್ ತಗೊಂಡು ಮರೆತುಬಿಡ್ತೇವೆ. ಆದರೆ 1940ರಲ್ಲಿ ಇಂಗ್ಲೆಂಡಿನ ಆಕಾಶದಲ್ಲಿ ಅದೇ ಫ್ಲೋಟ್ ಚೇಂಬರ್ ಪೈಲಟ್‌ಗಳ ಜೀವಕ್ಕೆ ಕುತ್ತು ತಂದಿತ್ತು. ಅದಕ್ಕೆ ಮದ್ದು ಕೊಟ್ಟವರು ಬಿಯಾಟ್ರಿಸ್ ಶಿಲ್ಲಿಂಗ್.

ಹುಟ್ಟಿದ್ದು 1909ರ ಮಾರ್ಚ್ 8ರಂದು, ಹ್ಯಾಂಪ್‌ಶೈರ್‌ನ ವಾಟರ್‌ಲೂವಿಲ್ ಎಂಬ ಊರಲ್ಲಿ. ಅಪ್ಪನದು ಮಾಂಸದ ಅಂಗಡಿ. ಹದಿನಾಲ್ಕನೇ ವಯಸ್ಸಿಗೇ ಒಂದು ಮೋಟಾರ್‌ಸೈಕಲ್ ಕೊಂಡು ಅದನ್ನು ಬಿಚ್ಚಿ ಜೋಡಿಸಲು ಶುರು ಮಾಡಿದ್ದರು. ಶಾಲೆ ಮುಗಿದ ಮೇಲೆ ಮಾರ್ಗರೆಟ್ ಪಾರ್ಟ್ರಿಜ್ ಎಂಬ ಎಂಜಿನಿಯರ್ ನಡೆಸುತ್ತಿದ್ದ ಎಲೆಕ್ಟ್ರಿಕಲ್ ಕಂಪನಿಯಲ್ಲಿ ಅಪ್ರೆಂಟಿಸ್ ಆದರು. ಮನೆಗಳಿಗೆ ವೈರಿಂಗ್ ಎಳೆಯೋದು, ಜನರೇಟರ್ ಕೂರಿಸೋದು, ಇದೇ ಕೆಲಸ. ಕಾಲೇಜಿಗೆ ಹೋಗು ಅಂತ ಬೆನ್ನುಹತ್ತಿದವರೂ ಅದೇ ಪಾರ್ಟ್ರಿಜ್. 1932ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿ, ಆಮೇಲೆ ಮೆಕ್ಯಾನಿಕಲ್‌ನಲ್ಲಿ ಎಂಎಸ್ಸಿ. ನಮ್ಮಲ್ಲಿ ಬ್ರಾಂಚ್ ಚೇಂಜ್ ಅಂದ್ರೆ ಎಷ್ಟು ಗಲಾಟೆ, ಇವರು ಸುಮ್ಮನೆ ಎರಡನ್ನೂ ಓದಿಬಿಟ್ಟರು.

ಓದಿನ ಜೊತೆಗೇ ರೇಸ್ ಹುಚ್ಚು. 1934ರಲ್ಲಿ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ತಮ್ಮ ನಾರ್ಟನ್ ಬೈಕಿನ ಮೇಲೆ ಗಂಟೆಗೆ 106 ಮೈಲಿ, ಅಂದ್ರೆ ಸುಮಾರು 170 ಕಿಲೋಮೀಟರ್ ವೇಗದಲ್ಲಿ ಸುತ್ತು ಹಾಕಿದರು. ನೂರು ಮೈಲಿ ದಾಟಿದವರಿಗೆ ಕೊಡುತ್ತಿದ್ದ ಗೋಲ್ಡ್ ಸ್ಟಾರ್ ಅವರ ಪಾಲಾಯಿತು. ಮುಂದೆ 1938ರಲ್ಲಿ ಜಾರ್ಜ್ ನೇಲರ್ ಅವರನ್ನು ಮದುವೆಯಾದರು. ಅವರಿಗೂ ಗೋಲ್ಡ್ ಸ್ಟಾರ್ ಬಂದ ಮೇಲೆಯೇ ಈಕೆ ಒಪ್ಪಿದ್ದು ಅಂತ ಒಂದು ಕತೆ ಇದೆ. ನಂಬೋದು ಬಿಡೋದು ನಿಮಗೆ ಸೇರಿದ್ದು.

1936ರಲ್ಲಿ ಫಾರ್ನ್‌ಬರೋದ ರಾಯಲ್ ಏರ್‌ಕ್ರಾಫ್ಟ್ ಎಸ್ಟಾಬ್ಲಿಷ್‌ಮೆಂಟ್ ಸೇರಿದರು. ಮೊದಲು ಕೊಟ್ಟದ್ದು ತಾಂತ್ರಿಕ ಬರವಣಿಗೆಯ ಕೆಲಸ. ಬೇಗನೆ ಅಲ್ಲಿಂದ ಕಾರ್ಬ್ಯುರೇಟರ್ ವಿಭಾಗಕ್ಕೆ ಬಂದರು. ಯುದ್ಧ ಶುರುವಾದಾಗ ಅಲ್ಲೇ ಇದ್ದರು.

ಸಮಸ್ಯೆ ಹೀಗಿತ್ತು. ಸ್ಪಿಟ್‌ಫೈರ್ ಮತ್ತು ಹರಿಕೇನ್ ವಿಮಾನಗಳ ರೋಲ್ಸ್ ರಾಯ್ಸ್ ಮರ್ಲಿನ್ ಇಂಜಿನ್‌ಗೆ ಇದ್ದದ್ದು ಎಸ್‌ಯು ಕಂಪನಿಯ ಫ್ಲೋಟ್ ಕಾರ್ಬ್ಯುರೇಟರ್. ಪೈಲಟ್ ಮೂಗು ತಗ್ಗಿಸಿ ದಿಢೀರನೆ ಧುಮುಕಿದರೆ ಇಂಜಿನ್ ಕೆಮ್ಮುತ್ತಿತ್ತು. ಎದುರಾಳಿ ಮೆಸರ್ಶ್‌ಮಿಟ್ 109ರಲ್ಲಿ ಇಂಧನ ನೇರವಾಗಿ ಸಿಲಿಂಡರಿಗೇ ಇಂಜೆಕ್ಟ್ ಆಗುತ್ತಿತ್ತು, ಆ ಕಾಟ ಇರಲಿಲ್ಲ. ಆತ ಧುಮುಕಿ ತಪ್ಪಿಸಿಕೊಳ್ಳುತ್ತಿದ್ದ. ಬೆನ್ನಟ್ಟಬೇಕಾದರೆ ಬ್ರಿಟಿಷ್ ಪೈಲಟ್ ಮೊದಲು ವಿಮಾನವನ್ನು ಮಗುಚಿ ಆಮೇಲೆ ಧುಮುಕಬೇಕು. ಅಷ್ಟರಲ್ಲಿ ಆತ ದೂರ. ಇನ್ನು ಜರ್ಮನ್ ವಿಮಾನವೇ ಬೆನ್ನ ಹಿಂದೆ ಇದ್ದರೆ ಆ ಕೆಮ್ಮು ಪ್ರಾಣಕ್ಕೇ ಸಂಚಕಾರ.

ಪೈಲಟ್‌ಗೆ ಕಾಣೋದು ಇಂಜಿನ್ ನಿಂತಿದ್ದು ಮಾತ್ರ. ನಿಜದಲ್ಲಿ ಅಲ್ಲಿ ಎರಡು ರೋಗ, ಒಂದರ ಹಿಂದೆ ಒಂದು, ಅದೂ ತದ್ವಿರುದ್ಧ. ನೆಗೆಟಿವ್ ಜಿ ಬಂದ ಕೂಡಲೇ ಫ್ಲೋಟ್ ಚೇಂಬರಿನ ಪೆಟ್ರೋಲ್ ಮೇಲಕ್ಕೆ ಎದ್ದು, ತಳದ ಜೆಟ್‌ಗಳಿಗೆ ಏನೂ ಸಿಗದೆ ಇಂಜಿನ್ ಹಸಿದು ತಡವರಿಸುತ್ತದೆ. ಇದು ಕ್ಷಣದ ಮಾತು. ಆಮೇಲೆ ನೋಡಿ: ಪೆಟ್ರೋಲ್ ಮೇಲಿದ್ದಾಗ ಫ್ಲೋಟ್ ಕೆಳಕ್ಕೆ ಹೋಗುತ್ತೆ, ಚೇಂಬರ್ ಖಾಲಿ ಆಯ್ತು ಅನ್ನೋ ಹಾಗೆ ನೀಡಲ್ ವಾಲ್ವ್ ಪೂರ್ತಿ ತೆರೆಯುತ್ತೆ. ಪಂಪು ಪೂರ್ತಿ ಒತ್ತಡದಲ್ಲಿ ಪೆಟ್ರೋಲ್ ಸುರಿಯುತ್ತೆ. ಈಗ ಇಂಜಿನ್ನಿಗೆ ಹಸಿವಲ್ಲ, ಅಜೀರ್ಣ. ಕಪ್ಪು ಹೊಗೆ ಕಕ್ಕಿ ಶಕ್ತಿ ಕಳಕೊಳ್ಳುತ್ತೆ. ಹೆಚ್ಚು ಹೊತ್ತು ಇರುತ್ತಿದ್ದದ್ದು, ಹೆಚ್ಚು ಅಪಾಯದ್ದು ಈ ಎರಡನೆಯದೇ.

ಇದು ನೆಲದ ಮೇಲೂ ಗೊತ್ತಿರುವ ಕತೆ. ಏಪ್ರಿಲ್ ಬಿಸಿಲಲ್ಲಿ ಶಿರಾಡಿ ಘಾಟಿ ಹತ್ತುವ ಹಳೇ ಅಂಬಾಸಿಡರ್ ಮುಗ್ಗರಿಸಿದರೆ ಡ್ರೈವರುಗಳು ಫ್ಯುಯೆಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದರು. ಪೈಪಿನಲ್ಲಿ ಪೆಟ್ರೋಲ್ ಆವಿಯಾಗಿ ಪಂಪು ಎಳೆಯಲಾಗದಿದ್ದರೆ, ಅಂದ್ರೆ ವೇಪರ್ ಲಾಕ್ ಆಗಿದ್ದರೆ, ಅದು ಸರಿಯಾದ ಮದ್ದು. ಆದರೆ ಬಿಸಿ ಇಂಜಿನ್ ನಿಲ್ಲಿಸಿದ ಮೇಲೆ ಫ್ಲೋಟ್ ಚೇಂಬರಿನಲ್ಲೇ ಪೆಟ್ರೋಲ್ ಕುದಿದು ಮ್ಯಾನಿಫೋಲ್ಡಿಗೆ ಉಕ್ಕಿದ್ದರೆ? ಆಗ ಒದ್ದೆ ಬಟ್ಟೆ ಯಾಕೂ ಬೇಡ, ಚೋಕ್ ಎಳೆದರಂತೂ ಇನ್ನೂ ಕೆಡುತ್ತೆ. ಆಕ್ಸಿಲರೇಟರ್ ಪೂರ್ತಿ ಒತ್ತಿ ಗಾಳಿ ಬಿಟ್ಟು ಸ್ಟಾರ್ಟ್ ಮಾಡಬೇಕು. ಹೊರಗಿನಿಂದ ಎರಡೂ ಒಂದೇ ಥರ. ಪ್ಲಗ್ ಬಿಚ್ಚಿ ನೋಡಿದರೆ ಒಂದರಲ್ಲಿ ಒಣಗಿರುತ್ತೆ, ಇನ್ನೊಂದರಲ್ಲಿ ಒದ್ದೆ.

ಶಿಲ್ಲಿಂಗ್ ಮಾಡಿದ್ದು ಮರ್ಲಿನ್‌ನ ಅಜೀರ್ಣಕ್ಕೆ ಮದ್ದು. ಇಂಜಿನ್ ಪೂರ್ತಿ ಶಕ್ತಿಯಲ್ಲಿ ಓಡುವಾಗ ಗರಿಷ್ಠ ಎಷ್ಟು ಪೆಟ್ರೋಲ್ ಬೇಕೋ ಅಷ್ಟನ್ನೇ ಬಿಡುವ, ಅದಕ್ಕಿಂತ ಹೆಚ್ಚು ಬಿಡದ ಅಳತೆಯ ತೂತು ಇರುವ ಒಂದು ಹಿತ್ತಾಳೆಯ ಬಿಲ್ಲೆ. ಮೊದಲು ಅದು ದರ್ಜಿ ಬೆರಳಿಗೆ ಹಾಕೋ ಪುಟ್ಟ ಟೋಪಿಯ ಆಕಾರದಲ್ಲಿತ್ತು, ಆಮೇಲೆ ಬರೀ ಚಪ್ಪಟೆ ವಾಷರ್ ಆಯ್ತು. ಅದನ್ನು ಇಂಧನದ ಲೈನಿನಲ್ಲಿ ಕೂರಿಸಿದರೆ ವಾಲ್ವ್ ಎಷ್ಟು ತೆರೆದುಕೊಂಡರೂ ಪ್ರವಾಹ ಇಲ್ಲ. ವಿಮಾನವನ್ನು ಸೇವೆಯಿಂದ ತೆಗೆಯೋದೂ ಬೇಕಿರಲಿಲ್ಲ. 1941ರ ಆರಂಭದಲ್ಲಿ ಒಂದು ಸಣ್ಣ ತಂಡ ಕಟ್ಟಿಕೊಂಡು ಅವರು ವಾಯುನೆಲೆಗಳನ್ನು ಸುತ್ತಿ ಇದನ್ನು ಕೂರಿಸಿಬಂದರು, ತಾವು ಹೋಗುತ್ತಿದ್ದದ್ದು ಅದೇ ನಾರ್ಟನ್ ಬೈಕಿನಲ್ಲಿ. ವಾಯುಪಡೆಯ ಹುಡುಗರು ಆ ಬಿಲ್ಲೆಗೆ ಅವರ ಹೆಸರು ಸೇರಿಸಿ ಒಂದು ತುಂಟ ಅಡ್ಡಹೆಸರೂ ಇಟ್ಟರು.

ಇದರಿಂದ ರೋಗ ಪೂರ್ತಿ ವಾಸಿಯಾಗಲಿಲ್ಲ. ಮೊದಲಿನ ಆ ಕ್ಷಣದ ಹಸಿವು ಹಾಗೇ ಉಳಿಯಿತು, ತಲೆಕೆಳಗಾಗಿ ಹೆಚ್ಚು ಹೊತ್ತು ಹಾರುವ ಹಾಗೂ ಇರಲಿಲ್ಲ. ಒತ್ತಡದ ಕಾರ್ಬ್ಯುರೇಟರ್‌ಗಳು ಬರುವವರೆಗೆ, ಅಂದ್ರೆ 1943ರವರೆಗೆ, ಈ ಬಿಲ್ಲೆಯೇ ಕೆಲಸ ನಡೆಸಿತು. ಆದರೂ ಹೊಸ ಕಾರ್ಬ್ಯುರೇಟರ್ ಬರಲಿ ಅಂತ ಕಾಯದೆ, ಇದ್ದದ್ದರಲ್ಲೇ ದೊಡ್ಡ ಅಪಾಯವನ್ನು ಮೊದಲು ಕಳೆದದ್ದು ನಮಗೆ ದೊಡ್ಡದಾಗಿ ಕಾಣುತ್ತೆ. ಪರಿಪೂರ್ಣ ಡಿಸೈನ್‌ಗೆ ಕೂತಿದ್ದರೆ ಆ ಎರಡು ವರ್ಷದಲ್ಲಿ ಇನ್ನೆಷ್ಟು ಪೈಲಟ್‌ಗಳು ಹೋಗುತ್ತಿದ್ದರೋ.

ಯುದ್ಧ ಮುಗಿದ ಮೇಲೂ ಫಾರ್ನ್‌ಬರೋದಲ್ಲೇ ಉಳಿದರು. ಒದ್ದೆ ರನ್‌ವೇ ಮೇಲೆ ವಿಮಾನಗಳ ಬ್ರೇಕ್ ಹಿಡಿತದ ಬಗ್ಗೆಯೂ ಕೆಲಸ ಮಾಡಿದರು. ಬೈಕ್ ಬಿಟ್ಟು ಗಂಡನ ಜೊತೆ ಕಾರ್ ರೇಸಿಗೆ ಇಳಿದರು. ತಮ್ಮ ಕಾರುಗಳನ್ನು ತಾವೇ ಟ್ಯೂನ್ ಮಾಡಿಕೊಳ್ಳುತ್ತಿದ್ದರು. 1967ರಲ್ಲಿ ಡಾನ್ ಗರ್ನಿ ತಂಡದ ಈಗಲ್ ಫಾರ್ಮುಲಾ ಒನ್ ಕಾರು ವಿಪರೀತ ಬಿಸಿಯಾಗುತ್ತಿದ್ದಾಗ ಅದನ್ನು ನೋಡಲು ಕರೆಸಿದ್ದೂ ಇವರನ್ನೇ. ಆಗ ಅವರಿಗೆ ಐವತ್ತೆಂಟು. ಎರಡು ವರ್ಷದ ನಂತರ ನಿವೃತ್ತಿ. ಸರ್ರೆ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಕೂಡ ಸಿಕ್ಕಿತು. ತೀರಿಕೊಂಡದ್ದು 1990ರ ನವೆಂಬರ್ 18ರಂದು. ಅಷ್ಟೊತ್ತಿಗೆ ಫ್ಯುಯೆಲ್ ಇಂಜೆಕ್ಷನ್ ರಸ್ತೆಯ ಕಾರುಗಳಿಗೂ ಬಂದು, ಕಾರ್ಬ್ಯುರೇಟರಿನ ಕಾಲ ಮುಗಿಯುತ್ತಾ ಬಂದಿತ್ತು.